ಅಣ್ಣನಿಗೊಂದು ಡಿಸ್ಕ್, ತಮ್ಮನಿಗೊಂದು

ನಿಮ್ಮ ಮನೆಯ ಮದುವೆ ವಿಡಿಯೊ ಕೈಗೆ ಬರುವ ಮೊದಲೇ ಸ್ಟುಡಿಯೊದ ಕಂಪ್ಯೂಟರಿನಲ್ಲಿ ಸತ್ತುಹೋಗಿದ್ದುಂಟಾ? ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ ನನ್ನದು ಕೊಟ್ಟೂರಿನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ. ಆಗ ಅಂಥದ್ದೊಂದು ಸಾವು ನೋಡಿದೆ.

ಅಲ್ಲಿ ಅಣ್ಣತಮ್ಮಂದಿರ ಫೋಟೊ ಸ್ಟುಡಿಯೊ ಇತ್ತು. ಒಂದು ಹಾರ್ಡ್ ಡಿಸ್ಕ್ ಸಾಲದೆ, ದಾವಣಗೆರೆಯಿಂದ ಯಾರನ್ನೋ ಕರೆಸಿ ಎರಡು ಡಿಸ್ಕನ್ನು ವಿಂಡೋಸ್‌ನಲ್ಲೇ ಜೋಡಿಸಿ ಒಂದೇ ದೊಡ್ಡ ಡ್ರೈವ್ ಮಾಡಿಸಿದ್ದರು. ಸಾಫ್ಟ್‌ವೇರ್ ರೇಡ್ ಅನ್ನುತ್ತಾರೆ. ಅದರಲ್ಲಿ ಪ್ರತಿ ಫೈಲೂ ತುಂಡಾಗುತ್ತದೆ; ಒಂದು ತುಂಡು ಈ ಡಿಸ್ಕಿಗೆ, ಮುಂದಿನದು ಆ ಡಿಸ್ಕಿಗೆ. ಎರಡೂ ಕೂಡಿದರೆ ಮದುವೆ, ಅಗಲಿದರೆ ಕಸ. ಇದು ಅಣ್ಣತಮ್ಮಂದಿರಿಗೆ ಗೊತ್ತಿರಲಿಲ್ಲ.

ಆಮೇಲೆ ಅವರಿಬ್ಬರಿಗೂ ಕೂಡಲಿಲ್ಲ. ಪಾಲು ಮಾಡಲು ಹಿರಿಯರು ಕೂತರು. ಕ್ಯಾಮೆರಾ ದೊಡ್ಡವನಿಗೆ, ಲೈಟುಗಳು ಸಣ್ಣವನಿಗೆ ಆಯಿತು. ಕಂಪ್ಯೂಟರಿನ ಸರದಿ ಬಂದಾಗ ಒಬ್ಬ ಅಜ್ಜ ಕೇಳಿದನಂತೆ:

"ಮದುವಿಗಳೆಲ್ಲಾ ಎದರಾಗ ಅದಾವಲೇ?"

"ಈ ಎರಡು ಡಿಸ್ಕಿನ್ಯಾಗ, ಅಜ್ಜ."

"ಮತ್ತೇನು ಜಗಳ? ಜೋಡೆತ್ತು ಹಂಚಿದಂಗ ಒಬ್ಬಗೊಂದು ಹಂಚ್ರಿ."

ಹಂಚಿದರು. ತಮ್ಮ ತನ್ನ ಪಾಲು ತಗೊಂಡು ಹಡಗಲಿಯಲ್ಲಿ ಅಂಗಡಿ ತೆರೆದ.

ಸ್ವಲ್ಪ ದಿನಕ್ಕೆ ಅಣ್ಣ ತನ್ನ ಡಿಸ್ಕ್ ಹಿಡಿದು ನನ್ನಲ್ಲಿಗೆ ಬಂದ. ಜೊತೆಗೆ ಹೊಸಹಳ್ಳಿ ಕಡೆಯ ಒಬ್ಬ ಹೆಣ್ಣುಮಗಳು. ಅವಳ ಮದುವೆ ಸಿಡಿ ಇನ್ನೂ ತಯಾರಾಗಿರಲಿಲ್ಲ; ಕ್ಯಾಮೆರಾದ ಟೇಪಿನ ಮೇಲೆ ಆಗಲೇ ಬೇರೆ ಮದುವೆ ತುಂಬಿಯಾಗಿತ್ತು. ಅಷ್ಟರಲ್ಲಿ ಅವಳ ಅಪ್ಪ ತೀರಿಕೊಂಡಿದ್ದ.

"ನನ್ನ ಕಳಿಸೋವಾಗ ನಮ್ಮಪ್ಪ ಮಾತಾಡ್ಯಾನ್ರಿ ಅದರಾಗ. ಬ್ಯಾರೆ ಎಲ್ಲೂ ಅವನ ದನಿ ಇಲ್ರಿ."

ಡಿಸ್ಕ್ ಹಾಕಿ ನೋಡಿದೆ. ಜೋಡಿಯ ಇನ್ನೊಂದು ಇಲ್ಲ ಅಂತ ತೋರಿಸಿತು. "ತಮ್ಮಂದು ತರಿಸಪಾ, ಎರಡೂ ಕೂಡಿಸಿದ್ರ ಬರ್ತೈತಿ" ಅಂದೆ.

"ಅವನ ಹೊಸ್ತಿಲಾ ನಾ ತುಳಿಯಂಗಿಲ್ಲ."

ನಾನೂ ಆ ಹೆಣ್ಣುಮಗಳೂ ಬಸ್ಸು ಹತ್ತಿ ಹಡಗಲಿಗೆ ಹೋದೆವು. ತಮ್ಮ ಚಹಾ ತರಿಸಿದ. ವಿಷಯ ಹೇಳಿದ ಮೇಲೆ ಅವನು ಲೋಟ ಮುಟ್ಟಲಿಲ್ಲ.

"ಹಾಕಿದ್ರ ಏನೂ ತೋರಿಸ್ಲಿಲ್ರಿ. ಒಳ್ಳೇದೆಲ್ಲಾ ಅಣ್ಣನ ಡಿಸ್ಕಿಗೆ ಹೋಗೈತಿ, ನನಗ ಖಾಲಿದು ಕೊಟ್ಟಾರ ಅಂತ ಬೈಕೊಂಡು, ಇದ್ದ ಪಾರ್ಟಿಷನ್ ಅಳಿಸಿ ಹೊಸದಾಗಿ ಎರಡು ಮಾಡಿದೆ."

"ಮ್ಯಾಲ ಏನರ ತುಂಬೀ ಏನಲೇ?"

"ಮೈಲಾರದ ಕಡಿ ಮದುವಿ ತುಂಬೀನಿ. ಜಾಗಾನೇ ಉಳಿದಿಲ್ಲ."

ಪಾರ್ಟಿಷನ್ ಅಂದರೆ ಡಿಸ್ಕಿನೊಳಗೆ ಹಾಕಿದ ಗಡಿ; ಅದನ್ನು ಅಳಿಸಿದ್ದಷ್ಟೇ ಆಗಿದ್ದರೆ ಏನಾದರೂ ಮಾಡಬಹುದಿತ್ತು. ಹಳೆಯದರ ಮೇಲೆ ಹೊಸದು ಬರೆದದ್ದಕ್ಕೆ ಮದ್ದಿಲ್ಲ. ಅವಳು ನನ್ನ ಮುಖ ನೋಡಿದಳು.

"ಹೊಳ್ಳಿ ಬರಂಗಿಲ್ಲೇನ್ರಿ?"

"ಬರಂಗಿಲ್ಲವ್ವಾ."

ಕೊಟ್ಟೂರಿಗೆ ಬಂದು, ಅಣ್ಣನ ಡಿಸ್ಕ್ ಒಂದನ್ನೇ ಕೆದಕಿದೆ. ವಿಡಿಯೊ ಒಂದೂ ಓಡಲಿಲ್ಲ. ಒಂದು ಫೋಟೊದ ಮೊದಲ ತುಂಡು ಸಿಕ್ಕಿತು. ರುಮಾಲು, ಹಣೆಯ ವಿಭೂತಿ, ಎರಡು ಕಣ್ಣು. ಕೆಳಗೆಲ್ಲ ಬರೀ ಬೂದು ಬಣ್ಣ.

ಅವಳು ಪರದೆಯ ಹತ್ತಿರ ಬಗ್ಗಿ ನೋಡಿದಳು. "ನಮ್ಮಪ್ಪನೇ ಹೌದ್ರಿ. ಬಾಯೇ ಇಲ್ಲಲ್ರಿ" ಅಂದಳು.

ಅಣ್ಣ ತನ್ನ ಸ್ಟುಡಿಯೊದಲ್ಲಿ ಅದನ್ನೇ ಪ್ರಿಂಟ್ ಹಾಕಿಕೊಟ್ಟ. ಬೂದು ಭಾಗ ಕತ್ತರಿಸಲು ಹೋದ. ಅವಳು ಬೇಡ ಅಂದು ಇಡೀ ಹಾಳೆಯನ್ನೇ ಸೆರಗಿನಲ್ಲಿ ಸುತ್ತಿಕೊಂಡು ಹೋದಳು.

ನಿಮ್ಮವರ ದನಿಯೂ ಹೀಗೆ ಯಾವುದೋ ಡಿಸ್ಕಿನಲ್ಲಿ ಹೋಗಿದ್ದರೆ ಕೆಳಗೆ ಬರೆಯಿರಿ. ಯಾರಿಗಾದರೂ ವಾಪಸ್ ಸಿಕ್ಕಿದ್ದರೆ ಅದನ್ನೂ ತಪ್ಪದೆ ಬರೆಯಿರಿ. ನನಗೆ ಒಂದಾದರೂ ಹಾಗೆ ಸಿಕ್ಕಿದ್ದು ಓದಬೇಕಾಗಿದೆ.