ಪ್ಯಾರಪೆಟ್ ಮೇಲೆ ಕೂತ ಗೂಬೆಯ ಫೋಟೊ

ಮೂರು ರಾತ್ರಿ ನಾಗರತ್ನ ಆಂಟಿಯ ಮನೆ ಅಂಗಳದಲ್ಲಿ ಸೊಳ್ಳೆ ಕಚ್ಚಿಸಿಕೊಂಡು ಕೂತ ಮೇಲೆ, ನಾಲ್ಕನೆಯ ರಾತ್ರಿ ಗೂಬೆ ನನಗೆ ಪೋಸ್ ಕೊಟ್ಟಿತು.

ಚಾಮರಾಜಪೇಟೆಯಲ್ಲಿ ನಮ್ಮ ಹಿಂದಿನ ಬೀದಿಯ ಹಳೇ ಮನೆ ಅವರದು. ಅಟ್ಟದ ಗವಾಕ್ಷಿಯಲ್ಲಿ ಬಿಳಿ ಮುಖದ ಗೂಬೆ ಜೋಡಿ ಮರಿ ಮಾಡಿತ್ತು. ಕಾಡಿಗೆ ಹೋಗಲು ರಜೆ ಸಿಗದ ನನ್ನಂಥವನಿಗೆ ಇನ್ನೇನು ಬೇಕು?

ಆಂಟಿ ಒಂದೇ ಷರತ್ತು ಹಾಕಿದ್ದರು.

"ನೋಡಪ್ಪ, ನಮ್ ಚೈತ್ರನ್ನ ನೋಡ್ಕೊಂಡು ಹೋಗಿದಾರೆ. ಹೆಚ್ಚೂ ಕಡಿಮೆ ಒಪ್ಪಿದಾರೆ. ಮನೇಲಿ ಗೂಬೆ ಇದೆ ಅಂತ ಗೊತ್ತಾದ್ರೆ ಅಪಶಕುನ ಅಂತಾರೆ. ಫೋಟೋದಲ್ಲಿ ಮನೆ ಗುರುತು ಸಿಗ್ಬಾರ್ದು."

ಚೈತ್ರಾ ಅವರ ಮಗಳು, ನನ್ನ ಸ್ಕೂಲ್‌ಮೇಟ್. ಖಂಡಿತ ಸಿಗುವುದಿಲ್ಲ ಎಂದು ಮಾತು ಕೊಟ್ಟೆ.

ಫ್ಲಾಶ್ ಹಾಕಲಿಲ್ಲ. ಬೀದಿದೀಪದ ಬೆಳಕು, ಹಿಂದೆ ಅಪರೂಪಕ್ಕೆ ಮೋಡವಿಲ್ಲದ ಆಕಾಶ, ನಾಲ್ಕೈದು ನಕ್ಷತ್ರ. ತಾಯಿ ಗೂಬೆ ಇಲಿ ಕಚ್ಚಿಕೊಂಡು ಬಂದು ಪ್ಯಾರಪೆಟ್ ಮೇಲೆ ಕೂತು ನೇರ ನನ್ನ ಲೆನ್ಸನ್ನೇ ನೋಡುತ್ತದೆ. ಕ್ಲಿಕ್ ಮಾಡುತ್ತೇನೆ...

ಬೆಳಗಾಗುವ ಮೊದಲೇ ಪೋಸ್ಟ್ ಮಾಡಿದೆ. ಅಷ್ಟು ಲೈಕ್ ನನ್ನ ಜನ್ಮದಲ್ಲಿ ನೋಡಿರಲಿಲ್ಲ.

ಮೂರನೇ ದಿನ ಚೈತ್ರಾಳ ಮೆಸೇಜ್ ಬಂತು. "ಅದರ ಕಾಲ ಕೆಳಗೆ ನೋಡೋ."

ಪ್ಯಾರಪೆಟ್ ಮೇಲೆ ಗಾರೆಯಲ್ಲಿ ಮೂಡಿಸಿದ ಮನೆಯ ಹೆಸರು. ಗೂಬೆಯ ಕಣ್ಣು ಶಾರ್ಪ್ ಬಂದಿದೆಯಾ ಎಂದು ನೂರು ಸಲ ಝೂಮ್ ಮಾಡಿದವನು ಅದನ್ನು ಒಮ್ಮೆಯೂ ನೋಡಿರಲಿಲ್ಲ.

ಗಂಡಿನ ಮನೆಯವರ ಗ್ರೂಪಿಗೆ ಆ ಫೋಟೊ ಹೇಗೆ ಹೋಯಿತೋ ಗೊತ್ತಿಲ್ಲ. ಜಾತಕ ಇನ್ನೊಮ್ಮೆ ತೋರಿಸುತ್ತೇವೆ ಎಂದರಂತೆ. ಆಮೇಲೆ ಫೋನೇ ಇಲ್ಲ.

ಪೋಸ್ಟ್ ಡಿಲೀಟ್ ಮಾಡಿದೆ, ಆದರೆ ಕಾಲ ಮಿಂಚಿತ್ತು. ನಾಚಿಕೆಯಾಗಿ ಒಂದು ತಿಂಗಳು ಆ ಬೀದಿಯಲ್ಲಿ ಗಾಡಿ ಓಡಿಸಲಿಲ್ಲ.

ನಿನ್ನೆ ಧೈರ್ಯ ಮಾಡಿ ಹೋದೆ. ಆಂಟಿ ಬೈಯಲಿಲ್ಲ, ಕಾಫಿ ಕೊಟ್ಟರು. ಬೈದಿದ್ದರೇ ಚೆನ್ನಾಗಿತ್ತು.

ತಲೆಯೆತ್ತಿ ನೋಡಿದರೆ ಗವಾಕ್ಷಿಗೆ ಹೊಸ ಜಾಲರಿ. ಮರಿಗಳು ಏನಾದವು ಎಂದು ಕೇಳಿದೆ.

"ಅವತ್ತೇ ಮೆಶ್ ಹಾಕ್ಸಿಬಿಡಿ ಅಂದ್ರು ಎಲ್ರೂ. ಮರಿ ಒಳಗಿದ್ವಲ್ಲಪ್ಪ... ಎರಡೂ ಹಾರ್ಕೊಂಡ್ ಹೋಗ್ಲಿ ಅಂತ ಕಾದೆ. ಮೊನ್ನೆ ಹಾಕ್ಸಿದ್ದು. ಭಾನುವಾರ ಬೇರೆಯವ್ರು ನೋಡೋಕೆ ಬರ್ತಿದಾರೆ."

ಕ್ಷಮೆ ಕೇಳಲು ಹೋದವನು ಬರೀ ಕಾಫಿ ಕುಡಿದು ಬಂದಿದ್ದೇನೆ. ನೀವಾಗಿದ್ದರೆ ಅವರ ಹತ್ತಿರ ಏನಂತ ಕೇಳುತ್ತಿದ್ದಿರಿ?