ಡ್ರಮ್ಮಿಗೆ ಅಜ್ಜಿ ಹಚ್ಚಿದ ಕುಂಕುಮ

ಆಗ ನಮ್ಮ ಹನುಮಂತನಗರದಲ್ಲಿ ರಾಜ್ಯೋತ್ಸವ ಬಂತೆಂದರೆ ಬೀದಿಗೊಂದು ಆರ್ಕೆಸ್ಟ್ರಾ. ಹಗಲು ಗುಮಾಸ್ತರಾಗಿದ್ದ ಅಪ್ಪ ಸಂಜೆ ಅಂಥದೊಂದು ತಂಡದಲ್ಲಿ ಡ್ರಮ್ಸ್ ಬಾರಿಸುತ್ತಿದ್ದರು. ಆ ವರ್ಷ ಎಲ್ಲಿಂದಲೋ ಓಬೀರಾಯನ ಕಾಲದ ಡ್ರಮ್ ಸೆಟ್ಟೊಂದನ್ನು ಹೊತ್ತು ತಂದರು. ತೊಗಲು, ಕಬ್ಬಿಣ ಕಳಚಿದ ಮೇಲೆ ಉಳಿದದ್ದು ಮರದ ಮೂರು ದುಂಡನೆಯ ಒಡಲು; ತೆಳು ಹಲಗೆಗಳನ್ನು ಅಂಟಿಸಿ ಬಗ್ಗಿಸಿದ್ದು. ಅಪ್ಪ ತಿಂಗಳಿಡೀ ಹಳೇ ಬಣ್ಣ ಕೆರೆದರು, ಸ್ಯಾಂಡ್‌ಪೇಪರ್ ಹಿಡಿದು ಉಜ್ಜಿದರು. ಮನೆಯೆಲ್ಲ ಟರ್ಪೆಂಟೈನ್ ವಾಸನೆ. ಸಾರಿಗೂ ಅದೇ ವಾಸನೆ.

"ನೀರು ಸೋಕಿದ್ರೆ ಅಂಟು ಬಿಟ್ಕೊಳುತ್ತೆ, ಹುಷಾರು," ಎಂದು ನನಗೂ ಅಮ್ಮನಿಗೂ ಹೇಳಿದ್ದರು. ಅಜ್ಜಿಗೆ ಹೇಳಿರಲಿಲ್ಲ. ಅವರಿಬ್ಬರಿಗೂ ಮಾತೇ ಇರಲಿಲ್ಲವಲ್ಲ! "ಈ ಡಬ್ಬಾ ಬಡಿಯೋದು ಯಾವಾಗ ಬಿಡ್ತೀಯೋ?" ಎಂದು ಅಜ್ಜಿ ಕೇಳಿ, ಅಪ್ಪ ಕೂಗಾಡಿ, "ಇನ್ನೊಂದ್ಸಲ ಹಿಂಗ್ ಕಿರುಚಿದ್ರೆ ಕತ್ರಿಗುಪ್ಪೆಗೆ, ಮಗಳ ಮನೆಗೆ ಹೋಗ್ಬಿಡ್ತೀನಿ," ಎಂದು ಅಜ್ಜಿ ಸೀರೆಗಳನ್ನು ಚೀಲಕ್ಕೆ ತುಂಬಿಟ್ಟಿದ್ದಳು. ನಾನೂ ಅವಳೂ ಮಲಗುವ ಮಂಚದ ಕೆಳಗೇ ಆ ಚೀಲ. ಅದು ಅಲ್ಲೇ ಇದೆಯೇ ಎಂದು ದಿನಾ ಬಗ್ಗಿ ನೋಡುತ್ತಿದ್ದೆ.

ಆಯುಧಪೂಜೆಯ ಬೆಳಿಗ್ಗೆ ಅಪ್ಪ ಆಫೀಸಿನ ಪೂಜೆಗೆ ಹೋಗಿದ್ದರು. ನಾನು ಅಂಗಡಿಯಿಂದ ನಿಂಬೆಹಣ್ಣು ತಂದು ತಾರಸಿ ಹತ್ತಿದರೆ, ನನ್ನ ಜೀವವೇ ಹಾರಿಹೋಯಿತು. ತೊಳೆದಿಟ್ಟ ಈಳಿಗೆಮಣೆ, ನನ್ನ ಸೈಕಲ್ಲು, ಅದರ ಪಕ್ಕಕ್ಕೇ ಆ ಮೂರು ಒಡಲು! ಅಜ್ಜಿ ಸೀಗೆಪುಡಿ ಹಾಕಿ ತಿಕ್ಕಿ, ಬಕೆಟ್ಟುಗಟ್ಟಲೆ ನೀರು ಸುರಿದು, ಉರಿಬಿಸಿಲಿಗೆ ಇಟ್ಟಿದ್ದಳು. ಈಗ ಕುಂಕುಮ ಹಚ್ಚುತ್ತಿದ್ದಳು.

"ಅಜ್ಜೀ, ನೀರು..."

"ನಿಮ್ಮಪ್ಪಂಗೆ ಇದೂ ಆಯುಧಾನೇ ತಾನೇ? ಹಬ್ಬದ ದಿನ ಕೊಳಕಾಗಿರ್ಬೇಕಾ? ನೋಡಿ ಖುಷಿಪಡ್ತಾನೆ, ಸುಮ್ನಿರು."

ಟಿಕ್ ಎಂದಿತು ಮರ. ಸ್ವಲ್ಪ ಹೊತ್ತಿಗೆ ಮತ್ತೆ ಟಿಕ್. ದೊಡ್ಡದರ ಅಂಚು ಬಾಯಿಬಿಡತೊಡಗಿತ್ತು. ಕೆಳಗೆ ಅಪ್ಪನ ಸ್ಕೂಟರ್ ನಿಂತಿತು. ಮೆಟ್ಟಿಲ ಮೇಲೆ ಹೆಜ್ಜೆ ಕೇಳುತ್ತಲೇ ಅಜ್ಜಿಯ ಸೆರಗು ಹಿಡಿದುಕೊಂಡೆ. ಇವತ್ತು ಅಪ್ಪ ಕಿರುಚುತ್ತಾರೆ, ಇವಳು ಹೊರಟೇಹೋಗುತ್ತಾಳೆ.

ಅಪ್ಪ ನೋಡಿದರು. ಮುಖ ಕೆಂಪಾಯಿತು, ಕತ್ತಿನ ನರ ಉಬ್ಬಿತು. ಬಾಯಿ ತೆರೆದರು. ಅಷ್ಟರಲ್ಲಿ ಅಜ್ಜಿ ಕುಂಕುಮದ ಬಟ್ಟಲು ಚಾಚಿದಳು.

"ದೊಡ್ಡದಕ್ಕೆ ನೀನೇ ಹಚ್ಚಪ್ಪ."

ಆ ಜಗಳದ ಮೇಲೆ ಅವಳು ಅಪ್ಪನೊಂದಿಗೆ ಆಡಿದ ಮೊದಲ ಮಾತು ಅದು. ಅಪ್ಪ ತೆರೆದ ಬಾಯಿ ಮುಚ್ಚಿದರು. ಆಮೇಲೆ ಬೆರಳು ಅದ್ದಿ ದೊಡ್ಡದಕ್ಕೆ ಹಚ್ಚಿದರು. "ಚೆನ್ನಾಗ್ ತೊಳ್ದಿದೀಯಮ್ಮ," ಅಂದರು.

ಸಂಜೆ ಒಡಲುಗಳನ್ನು ನೆರಳಿಗೆ ತಂದು, ಬಿರುಕಿಗೆ ಅಂಟು ತುಂಬಿದರು. "ಹಳೇ ಅಂಟು ಬಿಟ್ಕೊಂಡಿದೆ. ಬಿಗಿಯಾಗಿ ಕಟ್ಬೇಕು, ಬಟ್ಟೆ ಇದ್ರೆ ಕೊಡಮ್ಮ." ಅಜ್ಜಿ ಮಂಚದ ಕೆಳಗಿನ ಚೀಲ ಎಳೆದಳು. ನಾನು ಬಾಗಿಲಿಗೆ ಅಡ್ಡ ನಿಂತೆ. ಅವಳು ಅದರಿಂದ ಒಂದು ಸೀರೆ ತೆಗೆದು ಪರ್ರನೆ ಹರಿದಳು.

ದೊಡ್ಡದು ಉಳಿಯಲಿಲ್ಲ, ಚಿಕ್ಕವೆರಡು ಉಳಿದವು. ನೀರಿನ ಮಾತನ್ನು ಅಪ್ಪ ಕಡೆಯವರೆಗೂ ಎತ್ತಲಿಲ್ಲ.

ಈಗ ಇಬ್ಬರೂ ಇಲ್ಲ. ಒಂದು ಡ್ರಮ್ಮು ಜಯನಗರದ ನನ್ನ ಮನೆಯಲ್ಲಿದೆ. ಪಾಲಿಷಿನ ಕೆಳಗೆ ಕುಂಕುಮದ ಕಲೆ ಹಾಗೇ ಇದೆ. ಆಯುಧಪೂಜೆಗೆ ಒಣಬಟ್ಟೆಯಲ್ಲಿ ಒರೆಸುವಾಗ ಕಿವಿ ತಾನಾಗಿ ಮೆಟ್ಟಿಲ ಕಡೆ ಹೋಗುತ್ತದೆ. ನಾನು ಹೆದರುವಂಥವರು ಯಾರೂ ಹತ್ತಿ ಬರುವುದಿಲ್ಲ.