ಕಾಲು ಮೈಲಿಯ ನೇರ ರಸ್ತೆ

ಇವತ್ತು ಬೆಳಿಗ್ಗೆ ಕೊಪ್ಪದ ಬಸ್‌ಸ್ಟ್ಯಾಂಡ್ ಹತ್ತಿರ ಲಾರಿಯೊಂದು, ಅಡ್ಡ ಬಂದ ದನವನ್ನು ಉಳಿಸಲು ಒಮ್ಮೆಗೇ ಬ್ರೇಕ್ ಹಾಕಿತು. ದನ ತನಗೂ ಅದಕ್ಕೂ ಸಂಬಂಧವಿಲ್ಲವೆಂಬಂತೆ ನಡೆದುಹೋಯಿತು. ರಸ್ತೆಯ ಮೇಲೆ ಎರಡು ಕಪ್ಪು ಗೆರೆ, ಗಾಳಿಯಲ್ಲಿ ಸುಟ್ಟ ರಬ್ಬರಿನ ವಾಸನೆ ಉಳಿಯಿತು. ಪಕ್ಕದಲ್ಲಿದ್ದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನಾನು ಮಾತ್ರ ಅಲ್ಲೇ ನಿಂತು ಆ ವಾಸನೆಯನ್ನು ಹಿತವಾಗಿ ಒಳಗೆಳೆದುಕೊಂಡೆ. ನಿವೃತ್ತ ದನದ ಡಾಕ್ಟರಮ್ಮ ನಡುಪೇಟೆಯಲ್ಲಿ ನಿಂತು ಟೈರಿನ ಹೊಗೆಯನ್ನು ಮಲ್ಲಿಗೆ ಹೂವಿನಂತೆ ಮೂಸುವುದು ನೋಡುವವರಿಗೆ ವಿಚಿತ್ರವೇ. ಅದಕ್ಕೊಂದು ಕಾರಣವಿದೆ. ನಿಮಗೆ ಪುರುಸೊತ್ತಿದ್ದರೆ ಹೇಳುತ್ತೇನೆ.

ನನ್ನ ಹತ್ತಿರ ಒಂದು ಬಿಳಿ ಕಾಂಟೆಸ್ಸಾ ಕಾರಿದೆ. ಕೊಪ್ಪದ ಪಶು ಆಸ್ಪತ್ರೆಗೆ ಬಂದ ಹೊಸತರಲ್ಲಿ ಕಾಫಿ ಎಸ್ಟೇಟಿನ ಒಬ್ಬ ಸಾಹುಕಾರರಿಂದ ತೆಗೆದುಕೊಂಡದ್ದು. ಆಗಲೇ ಅದು ಹಳೆಯದು. ಹಳೆಯ ಕಾರು ಇಟ್ಟುಕೊಂಡವರು ಸಾಮಾನ್ಯವಾಗಿ ಅದಕ್ಕೆ ಬಟ್ಟೆ ಹೊದಿಸಿ, ಭಾನುವಾರ ಒರೆಸಿ, ಫೋಟೋ ತೆಗೆದು ಮತ್ತೆ ಹೊದಿಸುತ್ತಾರೆ. ನನ್ನದಕ್ಕೆ ಆ ಯೋಗ ಬರಲಿಲ್ಲ. ಅದರ ಡಿಕ್ಕಿಯಲ್ಲಿ ಗಮ್‌ಬೂಟು, ಕ್ಯಾಲ್ಸಿಯಂ ಬಾಟಲಿ, ಕರು ಎಳೆಯುವ ಹಗ್ಗ, ಖನಿಜ ಪುಡಿಯ ಚೀಲ. ಮೇಗುಂದಕ್ಕೆ ಒಂದು ದಿನ, ಅಡ್ಡಗದ್ದೆಗೆ ಇನ್ನೊಂದು ದಿನ. ಒಮ್ಮೆ ಕಾಲು ಮುರಿದ ಕರುವೊಂದು ಹಿಂದಿನ ಸೀಟಿನಲ್ಲಿ ಮಲಗಿಕೊಂಡು ಕೊಪ್ಪಕ್ಕೆ ಬಂದಿದೆ. ಆ ಸೀಟಿನ ಮೇಲೆ ಆಮೇಲೆ ನನ್ನ ನೆಂಟರ್‍ಯಾರೂ ಮನಸ್ಸಿಟ್ಟು ಕೂರಲಿಲ್ಲ. ಈ ಕಾರಿನ ಶಬ್ದ ಕೇಳಿದರೆ ಇಂಜೆಕ್ಷನ್ನಿಗೆ ಹೆದರಿ ದನಗಳು ಕೊಟ್ಟಿಗೆಯ ಮೂಲೆ ಸೇರುತ್ತವೆ ಎಂಬ ಸುದ್ದಿ ಇತ್ತು. ಅದನ್ನು ಹಬ್ಬಿಸಿದವಳು ನಾನೇ.

ಹನ್ನೆರಡು ವರ್ಷದ ಹಿಂದೆ ಮೆಣಸೆಯ ಹತ್ತಿರದ ಏರಿನಲ್ಲಿ ಬಾನೆಟ್ಟಿನಿಂದ ಬಿಳಿ ಹೊಗೆ ಎದ್ದು ಕಾರು ನಿಂತಿತು. ಶೃಂಗೇರಿಯ ಮೆಕ್ಯಾನಿಕ್ ನೋಡಿ, "ಎಂಜಿನ್ ಬಿಚ್ಬೇಕು. ಇದನ್ನ ಬಿಚ್ಚೋರು ನಮ್ ಕಡೆ ಒಬ್ರೇ, ಎನ್.ಆರ್. ಪುರದ ಚೇಟ" ಎಂದ. ಹಾಗೆ ಹಗ್ಗ ಕಟ್ಟಿಸಿಕೊಂಡು ನನ್ನ ಕಾರು ವರ್ಗೀಸ್ ಚೇಟನ ಶೆಡ್ಡಿಗೆ ಹೋಯಿತು.

ಚೇಟ ಎಂದರೆ ಮಲಯಾಳದಲ್ಲಿ ಅಣ್ಣ. ವರ್ಗೀಸರ ತಂದೆ ಕೇರಳದಿಂದ ಬಂದು ಎನ್.ಆರ್. ಪುರದ ಪಕ್ಕ ರಬ್ಬರ್ ಹಾಕಿದವರು. ಮಗನಿಗೆ ತೋಟ ಹಿಡಿಸಲಿಲ್ಲ. ಪ್ರಾಯದಲ್ಲಿ ಕೊಯಮತ್ತೂರಿಗೆ ಹೋಗಿ ರೇಸ್ ಕಾರುಗಳನ್ನು ಸಿದ್ಧಮಾಡುವ ಒಂದು ಗ್ಯಾರೇಜಿನಲ್ಲಿ ಆರು ವರ್ಷ ಕೆಲಸ ಕಲಿತರು. ತಂದೆ ಹಾಸಿಗೆ ಹಿಡಿದಾಗ ವಾಪಸು ಬಂದವರು ಮತ್ತೆ ಹೋಗಲಿಲ್ಲ. ಆಮೇಲೆ ಅವರ ಕೈಗೆ ಬಂದದ್ದೆಲ್ಲ ಜೀಪು, ಟಿಲ್ಲರು, ರಬ್ಬರ್ ಶೀಟು ಒತ್ತುವ ಯಂತ್ರ. ಅದರ ಬಗ್ಗೆ ಅವರು ಗೊಣಗಿದ್ದನ್ನು ನಾನು ಕೇಳಿಲ್ಲ. ಆದರೆ ನನ್ನ ಕಾರನ್ನು ಅವರು ನಲವತ್ತು ದಿನ ಇಟ್ಟುಕೊಂಡರು.

"ಮುಗೀತಾ ಚೇಟ?" ಎಂದು ವಾರಕ್ಕೊಮ್ಮೆ ಫೋನು ಮಾಡುತ್ತಿದ್ದೆ.

"ಆಗ್ತಾ ಉಂಟು, ಡಾಕ್ಟ್ರೇ."

ಏನು ಆಗುತ್ತಿತ್ತೆಂದು ಅವರ ಹೆಂಡತಿ ಏಲಿಯಮ್ಮ ಆಮೇಲೆ ಹೇಳಿದರು. ನಾಲ್ಕು ಪಿಸ್ಟನ್ನುಗಳನ್ನು ಪೇಟೆಯ ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿ, ಒಂದು ಗುಲಗಂಜಿಯಷ್ಟೂ ಹೆಚ್ಚುಕಡಿಮೆ ಇಲ್ಲದಂತೆ ಉಜ್ಜುತ್ತಾ ಕೂತಿದ್ದರಂತೆ. ನಾನು ಕೇಳಿದ್ದು ಹೊಗೆ ಬಾರದ ಕಾರು. ಅವರು ಕೊಟ್ಟದ್ದು ಬೇರೆಯೇ. ಮೊದಲ ಏರಿನಲ್ಲೇ ನನ್ನ ಬೆನ್ನು ಸೀಟಿಗೆ ಅಂಟಿತು. ಮಾರನೆಯ ದಿನ ಫೋನು ಮಾಡಿ, "ಚೇಟ, ಗಾಡಿ ಎಂತದೋ ಆಗಿದೆ, ಸಿಕ್ಕಾಪಟ್ಟೆ ಎಳೀತದೆ" ಎಂದೆ.

"ನೀವಿನ್ನೂ ಅದರ ಮೂರನೇ ಗೇರು ನೋಡ್ಲಿಲ್ಲ" ಎಂದರು. "ಇಲ್ಲಿ ನೋಡೋದಕ್ಕೂ ಆಗೋದಿಲ್ಲ ಬಿಡಿ. ನಮ್ಮ ಮೂರು ತಾಲ್ಲೂಕಲ್ಲಿ ಕಾಲು ಮೈಲಿ ನೇರ ರಸ್ತೆ ಎಲ್ಲುಂಟು?"

ನಾನು ನಕ್ಕು ಫೋನು ಇಟ್ಟೆ. ಅವರು ತಮಾಷೆಗೆ ಹೇಳಿರಲಿಲ್ಲ ಎಂದು ಗೊತ್ತಾಗಲು ಎಂಟು ವರ್ಷ ಬೇಕಾಯಿತು.

ನಾಲ್ಕು ವರ್ಷದ ಹಿಂದೆ, ಬೇಸಿಗೆಯ ಮೊದಲಲ್ಲಿ, ಚೇಟ ಕೊಪ್ಪಕ್ಕೆ ಬಸ್ಸಿನಲ್ಲಿ ಬಂದು ನನ್ನ ಆಸ್ಪತ್ರೆಯ ಬೆಂಚಿನಲ್ಲಿ ಎಮ್ಮೆ ತಂದವರ ನಡುವೆ ಕೂತಿದ್ದರು. ವಯಸ್ಸು ಎಪ್ಪತ್ತಾಗಿತ್ತು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಆಪರೇಷನ್ನಿಗೆ ದಿನ ಗೊತ್ತಾಗಿದೆ, ಶೆಡ್ಡಿಗೆ ಬೀಗ ಹಾಕುತ್ತೇನೆ ಎಂದರು. ನಾನು ಸಮಾಧಾನದ ಮಾತು ಹುಡುಕುವಷ್ಟರಲ್ಲಿ ಅವರು ಬಂದ ವಿಷಯಕ್ಕೆ ಬಂದರು. ಬಯಲುಸೀಮೆಯಲ್ಲಿ, ಈಗ ವಿಮಾನ ಇಳಿಯದ ಒಂದು ಹಳೆಯ ಏರ್‌ಸ್ಟ್ರಿಪ್ಪಿನಲ್ಲಿ ಡ್ರ್ಯಾಗ್ ರೇಸ್ ನಡೆಯಲಿದೆ. ಎರಡೆರಡು ಗಾಡಿ ಪಕ್ಕಪಕ್ಕ ನಿಲ್ಲುತ್ತವೆ, ದೀಪ ಹಸಿರಾದ ಕೂಡಲೇ ಹೊರಡುತ್ತವೆ, ಕಾಲು ಮೈಲಿಗೆ ಎಷ್ಟು ಸೆಕೆಂಡು ಎಂದು ಯಂತ್ರ ಅಳೆದು ಚೀಟಿ ಕೊಡುತ್ತದೆ. ಹಳೆಯ ಕಾರುಗಳಿಗೆ ಬೇರೆಯೇ ವಿಭಾಗ ಇದೆಯಂತೆ.

"ನನ್ ಲೆಕ್ಕದಲ್ಲಿ ಅದು ಹತ್ತೊಂಬತ್ತು ಸೆಕೆಂಡಿನ ಒಳಗೆ ಬರ್ಬೇಕು" ಎಂದರು. "ನಾನು ಕೊಯಮತ್ತೂರಲ್ಲಿ ಕಲ್ತಿದ್ದನ್ನೆಲ್ಲ ಒಂದೇ ಎಂಜಿನ್ನಿಗೆ ಹಾಕಿದ್ದು, ಡಾಕ್ಟ್ರೇ. ಅದು ನಿಮ್ದು. ಸರಿ ಇತ್ತಾ ಇಲ್ವಾ ಅಂತ ಇವತ್ತಿಗೂ ಯಾರೂ ಅಳೀಲಿಲ್ಲ."

"ನೀವೇ ಓಡ್ಸಿ, ನಾನು ಗಾಡಿ ತರ್ತೀನಿ."

"ನಂಗೆ ಆ ದೀಪ ಕಾಣೋದಿಲ್ಲ."

ಐವತ್ತಾರು ವರ್ಷದ ಸರ್ಕಾರಿ ನೌಕರಳು ರೇಸಿಗೆ ಹೋಗಬಾರದು ಎಂದು ಯಾವ ನಿಯಮದ ಪುಸ್ತಕದಲ್ಲೂ ಬರೆದಿರಲಿಲ್ಲ. ಆದ್ದರಿಂದ ಹೂಂ ಎಂದೆ. ಮನೆಯಲ್ಲಿ ನಮ್ಮವರಿಗೆ ಹೇಳಿದಾಗ ಅವರು ಓದುತ್ತಿದ್ದ ಪೇಪರ್ ಇಳಿಸಿ, "ನಿಂಗೆ ಎಂತ ಆತು? ಅದು ಪ್ರಾಯದ ಮಾಣಿಗಳು ಮಾಡೋ ಕೆಲ್ಸ" ಎಂದರು. ಒಂದು ಗಂಟೆ ಬಿಟ್ಟು ಅಡುಗೆಮನೆಯ ಬಾಗಿಲಿಗೆ ಬಂದು, "ಬ್ರೇಕು ಸರಿ ಇದ್ದಾ?" ಎಂದು ಕೇಳಿದರು. ಅದೇ ಒಪ್ಪಿಗೆ. ಕಾರಿನಲ್ಲಿ ಕೂತರೆ ಹರಿಹರಪುರ ಮುಟ್ಟುವ ಮೊದಲೇ ಅವರಿಗೆ ಹೊಟ್ಟೆ ತೊಳಸುತ್ತದೆ, ಹಾಗಾಗಿ ಜೊತೆಗೆ ಬರುವ ಪ್ರಶ್ನೆ ಇರಲಿಲ್ಲ.

ಹೊರಟವರು ಮೂರು ಜನ: ನಾನು, ಚೇಟ, ಏಲಿಯಮ್ಮ ಚೇಚಿ. ಅವರ ಭಾಷೆಯಲ್ಲಿ ಚೇಚಿ ಎಂದರೆ ಅಕ್ಕ. ಗಂಡನಿಗೆ ಹೊತ್ತುಹೊತ್ತಿಗೆ ಕಣ್ಣಿಗೆ ಔಷಧಿ ಬಿಡಬೇಕೆಂದು ಚೇಚಿ ಬಂದದ್ದು. ಲಕ್ಕವಳ್ಳಿಯ ಕಾಡು ದಾಟಿ, ತರೀಕೆರೆ ದಾಟಿ ಬಯಲಿಗೆ ಇಳಿದಾಗ ನನಗೆ ಒಂದೇ ಚಿಂತೆ. ಸೋಮವಾರ ಇದೇ ಕಾರಿನಲ್ಲಿ ಕೆಲಸಕ್ಕೆ ಹೋಗಬೇಕು. ಉಳಿದವರ ಕಾರು ಅಲ್ಲಿ ಕೆಟ್ಟರೆ ಲಾರಿ ಹತ್ತಿ ಮನೆಗೆ ಹೋಗುತ್ತದೆ. ನನ್ನದು ಕೆಟ್ಟರೆ ಮೂರು ತಾಲ್ಲೂಕಿನ ದನಗಳು ಕಾಯಬೇಕು.

ಅಲ್ಲಿ ಮೊದಲು ತಪಾಸಣೆ. ಕಾರಿನೊಳಗೆ ಸಡಿಲವಾದ ವಸ್ತು ಏನೂ ಇರಬಾರದೆಂದು ಒಬ್ಬರು ಡಿಕ್ಕಿ ತೆಗೆಸಿದರು. ಗಮ್‌ಬೂಟು ಬಂತು, ಬಾಟಲಿಗಳು ಬಂದವು, ಹಗ್ಗ ಬಂತು, ಖನಿಜ ಪುಡಿಯ ಚೀಲ ಬಂತು. ಹಿಂದೆ ಸಾಲಿನಲ್ಲಿ ನಿಂತವರೆಲ್ಲ ಸುತ್ತ ಸೇರಿದರು.

"ಇದೆಲ್ಲ ಏನು ಮೇಡಂ?"

"ನಾನು ದನದ ಡಾಕ್ಟ್ರು."

ಅವರು ತಮ್ಮ ಹಾಳೆಯಲ್ಲಿ ಅದಕ್ಕೆ ಜಾಗ ಹುಡುಕಿ, ಸಿಗದೆ, ಮುಂದೆ ಹೋಗಿ ಎಂದರು. ಚೇಚಿ ಒಂದು ಚಾಪೆ ಹಾಸಿ, ನನ್ನ ಆಸ್ಪತ್ರೆಯನ್ನು ಅದರ ಮೇಲೆ ಜೋಡಿಸಿ, ಕೊಡೆ ಬಿಡಿಸಿ ಕಾವಲು ಕೂತರು. ಎರವಲು ಹೆಲ್ಮೆಟ್ಟು ನನ್ನ ತುರುಬಿನ ಮೇಲೆ ಇಳಿಯಲಿಲ್ಲ. ಚೇಚಿಯೇ ಬಿಚ್ಚಿ ಜಡೆ ಹಾಕಿದರು. ಶಾಲೆ ಬಿಟ್ಟ ಮೇಲೆ ಅದು ನನ್ನ ಮೊದಲ ಜಡೆ.

ನನ್ನ ಜೊತೆ ಓಡಬೇಕಾದದ್ದು ಒಂದು ಕೆಂಪು ಕಾರು. ನನ್ನ ಕಾರಿನಷ್ಟೇ ವಯಸ್ಸಿನದು, ಆದರೆ ಇವತ್ತು ಹುಟ್ಟಿದಂತೆ ಹೊಳೆಯುತ್ತಿತ್ತು, ಲಾರಿಯ ಮೇಲೆ ಬಂದಿತ್ತು. ಅದರ ಯಜಮಾನರು ಸಭ್ಯರು. "ಇದನ್ನ ನಾನು ರೋಡಿಗೆ ಇಳಿಸೋದೇ ಇಲ್ಲ, ಧೂಳು ನೋಡಿ" ಎಂದರು. ನನ್ನ ಕಾರಿನ ಚಕ್ರದ ಸಂದಿಯಲ್ಲಿದ್ದ ಮೇಗುಂದದ ಸಗಣಿಯನ್ನು ಅವರು ನೋಡಲಿಲ್ಲವೆಂದು ಅಂದುಕೊಂಡಿದ್ದೇನೆ.

ಎಲ್ಲರಿಗೂ ಮೂರು ಓಟ, ಅದರಲ್ಲಿ ಒಳ್ಳೆಯದು ಲೆಕ್ಕಕ್ಕೆ. ಮೊದಲ ಸಲ ಕಂಬದ ಮೇಲೆ ಹಳದಿ ದೀಪಗಳು ಒಂದರ ಕೆಳಗೊಂದು ಹತ್ತಿ ಹಸಿರಾದಾಗ ನಾನು ಹೊರಟೆ. ಒಂದು, ಎರಡು, ಮೂರನೇ ಗೇರು. ಮುಂದೆ ರಸ್ತೆ ಬಿಚ್ಚಿಟ್ಟ ಬಟ್ಟೆಯ ಥಾನಿನಂತೆ ಬಿದ್ದಿತ್ತು. ನಡುವೆ ಎಲ್ಲೋ ನನ್ನ ಬಲಗಾಲು ತಾನಾಗಿ ಮೇಲೆದ್ದಿತು. ನಾನು ಎತ್ತಲಿಲ್ಲ, ನಿಜವಾಗಿ. ಕೆಂಪು ಕಾರು ಪಕ್ಕದಿಂದ ಸುಯ್ಯೆಂದು ಹೋಯಿತು. ಚೀಟಿಯಲ್ಲಿ ಇಪ್ಪತ್ತೆರಡು ಸೆಕೆಂಡಿನ ಮೇಲೆ ಚಿಲ್ಲರೆ.

ಚೇಟ ಹಗ್ಗದ ಆಚೆ ನಿಂತಿದ್ದರು. ಆ ಕೊನೆ ಅವರಿಗೆ ಕಾಣುತ್ತಿರಲಿಲ್ಲ, ಶಬ್ದ ಮಾತ್ರ ಕೇಳಿದ್ದರು. "ಮೂರನೇ ಗೇರಲ್ಲಿ ಯಾಕೆ ಕಾಲು ಬಿಟ್ರಿ?"

"ತಿರುವು ಬಂತು ಅಂತ ಅನ್ನಿಸ್ತು ಚೇಟ."

"ತಿರುವು ಎಲ್ಲಿತ್ತು?"

"ಇರ್ಲಿಲ್ಲ."

ಅವರು ಬೈಯಲಿಲ್ಲ. "ಅಷ್ಟು ದೂರ ಹೋದ್ರೆ ತಿರುವು ಬರ್ತದೆ ಅಂತ ನಿಮ್ಮ ಕಾಲಿಗೆ ಅಭ್ಯಾಸ. ಇಲ್ಲಿ ಬರೋದಿಲ್ಲ ಅಂತ ನೀವೇ ಅದಕ್ಕೆ ಹೇಳ್ಬೇಕು, ನಾನು ಹೇಳಿದ್ರೆ ಕೇಳೋದಿಲ್ಲ" ಎಂದರು.

ಎರಡನೆಯ ಸಲ ಕಾಲಿಗೆ ಹೇಳುವ ಅವಕಾಶವೇ ಬರಲಿಲ್ಲ. ಹೊರಡುವಾಗಲೇ ಎಂಜಿನ್ನು ಕೆಮ್ಮಿ ಮುಗ್ಗರಿಸಿತು. ಹೇಗೋ ಆ ತುದಿ ಮುಟ್ಟಿ ತಿರುಗಿ ಬಂದೆ. ಚೇಟ ಬಾನೆಟ್ ಎತ್ತಿ, ಕಣ್ಣಿಗಿಂತ ಹೆಚ್ಚು ಬೆರಳನ್ನು ನಂಬಿ, ಒಂದೊಂದೇ ಪೈಪು ಸವರುತ್ತಾ ಹೋದರು. ಕಾರ್ಬೊರೇಟರಿನ ಹತ್ತಿರ ಕಿರುಬೆರಳಿಗಿಂತ ಸಣ್ಣದೊಂದು ರಬ್ಬರ್ ನಳಿಕೆ ಬಿಸಿಲಿಗೆ ಸೀಳಿತ್ತು. ಅಲ್ಲಿಂದ ಗಾಳಿ ಎಳೆಯುತ್ತಿತ್ತು.

"ಇದರದ್ದೊಂದು ತುಂಡು ಬೇಕು. ನಾನು ತರ್ಲಿಲ್ಲ" ಎಂದರು. ಅವರ ದನಿ ಅಷ್ಟು ಸಣ್ಣದಾದದ್ದನ್ನು ನಾನು ಅದೇ ಮೊದಲು ಕೇಳಿದ್ದು. ಪ್ಯಾಂಟಿಗೆ ಕೈ ಒರೆಸಿಕೊಂಡರು, ಮತ್ತೆ ಒರೆಸಿಕೊಂಡರು. ಮೂರನೆಯ ಓಟಕ್ಕೆ ಆಗಲೇ ಕರೆಯುತ್ತಿದ್ದರು.

ಆಗ ನನಗೆ ಚಾಪೆ ನೆನಪಾಯಿತು. ಹಾಲು ಕರೆಯುವ ದನ ಕ್ಯಾಲ್ಸಿಯಂ ಕಡಿಮೆಯಾಗಿ ಬಿದ್ದರೆ ರಕ್ತನಾಳಕ್ಕೆ ಔಷಧಿ ಹರಿಸಲು ನಮ್ಮಲ್ಲೊಂದು ರಬ್ಬರ್ ನಳಿಕೆ ಇರುತ್ತದೆ. ಓಡಿಹೋಗಿ ತಂದು, ಗೇಣುದ್ದ ಕತ್ತರಿಸಿ ಕೊಟ್ಟೆ. ಚೇಟ ಅದನ್ನು ಎರಡೂ ಬದಿಗೆ ತುರುಕಿದರು. ಅಳತೆ ತೆಗೆದು ಮಾಡಿಸಿದಂತೆ ಕೂತಿತು. ಎಂಜಿನ್ನು ಹತ್ತಿಸಿದೆ, ಕೆಮ್ಮು ಇಲ್ಲ. ಬಿದ್ದ ದನ ಎದ್ದು ನಿಂತಾಗ ನನಗೆ ಆಗುವ ಸಂತೋಷ ನಿಮಗೆ ಗೊತ್ತಿಲ್ಲದಿರಬಹುದು. ಅದು ಅದೇ.

ಮೂರನೆಯ ಸಲ ಗೆರೆಯ ಹತ್ತಿರ ನಿಂತಾಗ ನನಗೆ ಹೆದರಿಕೆ ಇರಲಿಲ್ಲ. ಹೊಟ್ಟೆಯೊಳಗೆ ಕರು ಅಡ್ಡ ತಿರುಗಿದಾಗ, ಮನೆಮಂದಿ ಎಲ್ಲ ಸುತ್ತ ನಿಂತು ನನ್ನ ಕೈಯನ್ನೇ ನೋಡುವಾಗ ಇರುವ ಸ್ತಿಮಿತ ಬಂದಿತ್ತು. ಹಸಿರು. ಚಕ್ರ ಕಿರುಚಿತು, ಸುಟ್ಟ ರಬ್ಬರಿನ ಆ ವಾಸನೆ ಒಳಗೆ ಬಂತು. ಎರಡನೇ ಗೇರು. ಮೂರು. ಕಾಲು ಏಳಲು ನೋಡಿತು. "ಇಲ್ಲಿ ತಿರುವಿಲ್ಲ" ಎಂದು ಜೋರಾಗಿಯೇ ಹೇಳಿದೆ. ಕಾಲು ಕೆಳಗೇ ಉಳಿಯಿತು. ಎಂಟು ವರ್ಷ ನನ್ನ ಜೊತೆ ಕೊಟ್ಟಿಗೆಯಿಂದ ಕೊಟ್ಟಿಗೆಗೆ ಅಲೆದ ಆ ಎಂಜಿನ್ನು ಅಲ್ಲಿ ಮೊದಲ ಸಲ ಪೂರ್ತಿ ಉಸಿರು ತೆಗೆದುಕೊಂಡಿತು. ಬಲಗಡೆ ಕೆಂಪು ಬಣ್ಣ ಸ್ವಲ್ಪ ಹೊತ್ತು ಇತ್ತು, ಆಮೇಲೆ ಕನ್ನಡಿಯಲ್ಲಿ ಮಾತ್ರ ಇತ್ತು.

ಚೀಟಿಯನ್ನು ಓದದೆ ತಂದು ಚೇಟನಿಗೆ ಕೊಟ್ಟೆ. ಅವರು ಅದನ್ನು ದೂರ ಹಿಡಿದರು, ಹತ್ತಿರ ಹಿಡಿದರು, ಕೊನೆಗೆ ಹೆಂಡತಿಯ ಕೈಗೆ ಕೊಟ್ಟರು.

"ಹದಿನೆಂಟು ಪಾಯಿಂಟ್ ಎಂಟು" ಎಂದರು ಚೇಚಿ.

"ಇನ್ನೊಂದ್ಸಲ ಓದು."

"ಹದಿನೆಂಟು ಪಾಯಿಂಟ್ ಎಂಟು."

 ಚೇಟ ಕಾರಿನ ಸುತ್ತ ಒಂದು ಸುತ್ತು ಬಂದರು. ಬಾನೆಟ್ಟಿನ ಮೇಲೆ ಅಂಗೈ ಇಟ್ಟರು, ಬಿಸಿಗೆ ಕೈ ಸುಟ್ಟಿರಬೇಕು, ಆದರೂ ತೆಗೆಯಲಿಲ್ಲ. ಕಣ್ಣಿನಿಂದ ನೀರು ಇಳಿಯುತ್ತಿತ್ತು. ಔಷಧಿಯದ್ದೂ ಇರಬಹುದೆಂದು ನಾವಿಬ್ಬರೂ ನೋಡದವರಂತೆ ನಿಂತೆವು. ಕೆಂಪು ಕಾರಿನ ಯಜಮಾನರು ಬಂದು ಕೈ ಕುಲುಕಿ, "ಈ ಎಂಜಿನ್ ಯಾರು ಮಾಡಿದ್ದು?" ಎಂದು ಕೇಳಿದರು. ನಾನು ತೋರಿಸಿದೆ. ಮುಂದಿನ ಅರ್ಧ ಗಂಟೆ ಚೇಟ ಅವರಿಗೆ ಪಿಸ್ಟನ್ ತೂಗಿದ ಕಥೆ ಹೇಳಿದರು. ಅಷ್ಟು ಮಾತಾಡಿದ್ದನ್ನು ನಾನು ಮತ್ತೆಂದೂ ಕಂಡಿಲ್ಲ.

ಡಿಕ್ಕಿಗೆ ಸಾಮಾನು ತುಂಬುವಾಗ ಚೇಚಿ ಮೆಲ್ಲಗೆ ಕೇಳಿದರು, "ಡಾಕ್ಟ್ರೇ, ಇದು ಕಲಿಯೋದಕ್ಕೆ ಎಷ್ಟು ದಿನ ಬೇಕು?"

"ರೇಸಾ?"

"ಅಲ್ಲ, ಓಡ್ಸೋದು. ನಲವತ್ತೆರಡು ವರ್ಷ ಇವರ ಶೆಡ್ಡಿಗೆ ಊಟ ತಗೊಂಡು ಹೋಗಿದ್ದೇನೆ. ಒಂದು ದಿನ ಸ್ಟೇರಿಂಗ್ ಹಿಡಿದಿಲ್ಲ."

ಬಾನೆಟ್ಟಿನ ಹತ್ತಿರದಿಂದ ಚೇಟ, "ನೀನು ಕೇಳ್ಳೇ ಇಲ್ವಲ್ಲ" ಎಂದರು.

"ಈಗ ಕೇಳ್ತಾ ಇದ್ದೇನೆ" ಎಂದರು ಚೇಚಿ. "ನಿಮ್ಮನ್ನಲ್ಲ."

ಸೋಮವಾರ ಮೇಗುಂದಕ್ಕೆ ಹೋದಾಗ ಸುದ್ದಿ ನನಗಿಂತ ಮೊದಲೇ ಮುಟ್ಟಿತ್ತು. ಎಮ್ಮೆಯ ಯಜಮಾನರೊಬ್ಬರು ಪೂರ್ತಿ ವಿಚಾರಿಸಿದರು. ಎಷ್ಟು ದೂರ ಎಂದರು. ಕಾಲು ಮೈಲಿ ಎಂದೆ. ಅಲ್ಲಿಂದ ಎಲ್ಲಿಗೆ ಹೋದ್ರಿ ಎಂದರು. ವಾಪಸು ಬಂದೆ ಎಂದೆ. ಅವರು ಕೊಟ್ಟಿಗೆಯ ಬಾಗಿಲು ತೆರೆದು, "ಇರ್ಲಿ ಮಾರಾಯ್ರೆ, ಒಂದೊಂದು ಸಲ ಹಂಗಾಗ್ತದೆ. ಬನ್ನಿ, ಎಮ್ಮೆ ನೋಡಿ" ಎಂದರು.

ಬಸ್‌ಸ್ಟ್ಯಾಂಡಿನ ಆ ವಾಸನೆಯ ಗುಂಗಿನಲ್ಲೇ ಇವತ್ತು ಮಧ್ಯಾಹ್ನ ಎನ್.ಆರ್. ಪುರಕ್ಕೆ ಹೋದೆ. ಚೇಟನ ಕಣ್ಣು ಈಗ ಚೆನ್ನಾಗಿದೆ, ಪೇಪರ್ ಓದುತ್ತಾರೆ. ಚೇಚಿಗೆ ಕಳೆದ ತಿಂಗಳು ಲೈಸೆನ್ಸ್ ಬಂದಿದೆ. ನಾಲ್ಕು ವರ್ಷ, ಎರಡು ಪರೀಕ್ಷೆ, ನನ್ನ ಕಾರಿನ ಬಂಪರಿಗೆ ಒಂದು ತಗ್ಗು. ಕೊಪ್ಪದವರೆಗೆ ನಾನೇ ಓಡಿಸುತ್ತೇನೆ ಎಂದರು. ನಾನು ಎಡಗಡೆ ಕೂತೆ, ಚೇಟ ಹಿಂದೆ. ಮೊದಲ ಇಳಿಜಾರಿನಲ್ಲಿ ಅವರು ಹಿಂದಿನಿಂದ, "ಎರಡನೇ ಗೇರು, ಎರಡನೇ ಗೇರು" ಎಂದರು.

"ಹಾಕಿ ಆಯ್ತು. ಸುಮ್ನೆ ಕೂತ್ಕೊಳ್ಳಿ" ಎಂದರು ಚೇಚಿ.

ನನಗೆ ಮಾಡಲು ಏನೂ ಇರಲಿಲ್ಲ. ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿಯಾಚೆ ನೋಡಿದೆ. ಮೂವತ್ತು ವರ್ಷ ನಾನೇ ಸ್ಟೇರಿಂಗ್ ಹಿಡಿದು ಓಡಾಡಿದ ರಸ್ತೆ. ಎಡಗಡೆ, ಮರಗಳ ಸಂದಿಯಲ್ಲಿ, ಒಂದು ದೊಡ್ಡ ಕೆರೆ ಇದೆ ಎಂದು ನನಗೆ ಇವತ್ತು ಗೊತ್ತಾಯಿತು.